ಹೈಲ್ಯಾಂಡ್ ನಾಯಕ ನಗಿಸುವಾಗ ನಾವು ನಗುತ್ತಿರುವುದು ಯಾರನ್ನು ಕಂಡು?

ಓದುಗರ ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಬ್ಯಾಂಕ್ ಉದ್ಯೋಗಿ. ಇತಿಹಾಸದಲ್ಲಿ ಎಂ.ಎ. ಮಾಡಿದ್ದೇನೆ. ಕೆಲವು ವರ್ಷಗಳಿಂದ ರಾತ್ರಿ ಮನೆಗೆಲಸ ಮುಗಿದ ಮೇಲೆ ಮೊಬೈಲಿನಲ್ಲಿ ಇಂಗ್ಲಿಷ್ ಐತಿಹಾಸಿಕ ಪ್ರಣಯ ಕಾದಂಬರಿಗಳನ್ನು ಓದುವ ಅಭ್ಯಾಸವಾಗಿದೆ. ಅದರಲ್ಲೂ ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್ ಬೆಟ್ಟನಾಡಿನ, ಕಿಲ್ಟ್ ಎಂಬ ನೆರಿಗೆಯ ಲಂಗ ತೊಟ್ಟ ಕುಲನಾಯಕರ ಕತೆಗಳು, ಅವುಗಳಲ್ಲೂ ನಗಿಸುವಂಥವೇ ಬೇಕು. ಲಂಡನ್ನಿನ ಡ್ಯೂಕುಗಳ ಕತೆ ನನಗೆ ರುಚಿಸುವುದಿಲ್ಲ. ನಮ್ಮ ಮನೆಯವರು "ನಿನ್ನ ಕಿಲ್ಟಿನವನು ಇವತ್ತು ಏನಂದ?" ಎಂದು ಕಾಡಿಸುತ್ತಾರೆ, ಅದು ತಮಾಷೆ. ಆದರೆ ಸಹೋದ್ಯೋಗಿಯೊಬ್ಬರು, ಸಂಸಾರದಲ್ಲಿ ಸುಖ ಕಾಣದವರೇ ಇಂಥವನ್ನು ಓದುವುದು ಎಂದಾಗ ಮನಸ್ಸಿಗೆ ಚುಚ್ಚಿತು. ಇತಿಹಾಸ ಓದಿದವಳಾಗಿ ಈ ಪುಸ್ತಕಗಳ ಹನ್ನೆರಡನೆಯ ಶತಮಾನ ನಂಬುವಂಥದ್ದಲ್ಲ ಎಂದೂ ಅನಿಸುತ್ತದೆ. ಹೆಣ್ಣನ್ನು ಹೊತ್ತೊಯ್ದು ಮದುವೆಯಾಗುವ ಕತೆಗೆ ನಾನು ನಗುತ್ತಿದ್ದೇನಲ್ಲ ಎಂಬ ಅಳುಕೂ ಇದೆ. ಈಗ ಹದಿನಾರರ ಮಗಳು ನನ್ನ ಫೋನಿನಲ್ಲೇ ಒಂದನ್ನು ಓದಿ ಮುಗಿಸಿ ಇನ್ನೊಂದು ಕೇಳಿದ್ದಾಳೆ. ಏನು ಮಾಡಲಿ? ಬರುವ ಬೇಸಿಗೆಯಲ್ಲಿ ಗ್ಲಾಸ್ಗೊದಲ್ಲಿರುವ ತಮ್ಮನ ಮನೆಗೆ ಹೋಗುವವರಿದ್ದೇವೆ. ಈ ಕಾದಂಬರಿಗಳ ನಾಡನ್ನು ಎಲ್ಲಿ ನೋಡಬಹುದು ಎಂಬುದನ್ನೂ ತಿಳಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಈ ರುಚಿ ನಿಮ್ಮ ಬಗ್ಗೆ ಏನನ್ನೋ ಬಯಲುಮಾಡುತ್ತಿದೆಯೇ ಎಂಬುದು ಮೊದಲನೆಯದು, ಸುಳ್ಳು ಇತಿಹಾಸವನ್ನು ಸವಿಯುತ್ತಿದ್ದೇನೆಯೇ ಎಂಬುದು ಎರಡನೆಯದು, ಬಲವಂತಕ್ಕೆ ನಗುವಿನ ಮುಸುಕು ಹಾಕುವ ಕತೆಯನ್ನು ಮಗಳ ಕೈಗೆ ಕೊಡುತ್ತಿದ್ದೇನೆಯೇ ಎಂಬುದು ಮೂರನೆಯದು. ಮೊದಲನೆಯದರಲ್ಲಿ ಹುರುಳು ಕಡಿಮೆ. ಎರಡನೆಯದು ನೀವು ಅಂದುಕೊಂಡಿರುವುದಕ್ಕಿಂತ ಸ್ವಾರಸ್ಯಕರವಾಗಿದೆ. ಮೂರನೆಯದು ಮಾತ್ರ ನಿಜವಾದ ಪ್ರಶ್ನೆ.

ನಿಮ್ಮ ಸಹೋದ್ಯೋಗಿಯ ಮಾತು ಬಹಳ ಹಳೆಯದು, ಅದನ್ನು ಪರಿಶೀಲಿಸಿ ನೋಡಿದವರೂ ಇದ್ದಾರೆ. ಅಮೆರಿಕದ ವಿದ್ವಾಂಸೆ ಜಾನಿಸ್ ರಾಡ್‌ವೇ ಅಲ್ಲಿನ ಮಧ್ಯಪಶ್ಚಿಮ ಭಾಗದ ಒಂದು ಊರಿನಲ್ಲಿ ಪ್ರಣಯ ಕಾದಂಬರಿಗಳನ್ನು ತಪ್ಪದೆ ಓದುವ ಹೆಂಗಸರನ್ನು ಮಾತನಾಡಿಸಿ 1984ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಇಂದಿಗೂ ಮೊದಲು ನೆನಪಾಗುವ ಕೃತಿ. ಆ ಓದುಗರಿಗೆ ಕತೆಯಷ್ಟೇ, ಕೆಲವೊಮ್ಮೆ ಕತೆಗಿಂತಲೂ ಮುಖ್ಯವಾಗಿದ್ದದ್ದು ಓದುವ ಕ್ರಿಯೆಯೇ ಎಂಬುದು ಅವರು ಕಂಡುಕೊಂಡ ಸಂಗತಿ. ಗಂಡ, ಮಕ್ಕಳು, ಅಡುಗೆಮನೆ ಯಾವುದೂ ಕರೆಯದ ಒಂದಿಷ್ಟು ಹೊತ್ತನ್ನು ಪುಸ್ತಕ ಅವರಿಗೆ ಬೇಲಿ ಹಾಕಿ ಕಾಯ್ದುಕೊಡುತ್ತಿತ್ತು. ಮೆಚ್ಚಿನ ನಾಯಕಿಯಲ್ಲಿ ಏನಿರಬೇಕು ಎಂದು ಕೇಳಿದಾಗ ಅವರು ಮೊದಲು ಹೇಳಿದ ಗುಣಗಳು ಬುದ್ಧಿ, ಹಾಸ್ಯಪ್ರಜ್ಞೆ, ಸ್ವತಂತ್ರ ಮನೋಭಾವ. ರೂಪ ಅವುಗಳ ಮುಂದೆ ನಿಲ್ಲಲಿಲ್ಲ. ರಾಡ್‌ವೇ ಈ ಓದನ್ನು ಬರಿದೇ ಹೊಗಳಿದವರಲ್ಲ. ಅದು ಮನೆಯೊಳಗಿನ ಅಸಮತೆಯನ್ನು ಪ್ರಶ್ನಿಸದೆ ಸಹಿಸಿಕೊಳ್ಳುವಂತೆ ಮಾಡುತ್ತದೆ ಎಂಬ ಆಕ್ಷೇಪವನ್ನೂ ಅವರು ಎತ್ತಿದ್ದಾರೆ, ಅದು ತಳ್ಳಿಹಾಕುವಂಥದ್ದಲ್ಲ. ಆದರೆ ದಿನವಿಡೀ ಇನ್ನೊಬ್ಬರ ಲೆಕ್ಕ ನೋಡಿದವರು ರಾತ್ರಿ ಅರ್ಧ ಗಂಟೆ ನಗಬೇಕೆಂದು ಬಯಸುವುದರಿಂದ ಅವರ ದಾಂಪತ್ಯದ ಬಗ್ಗೆ ತೀರ್ಪು ಕೊಡುವುದು, ಪತ್ತೇದಾರಿ ಕಾದಂಬರಿ ಓದುವವನ ಮನೆಯಲ್ಲಿ ಹೆಣ ಹುಡುಕಿದ ಹಾಗೆ.

ಇನ್ನು ಹೈಲ್ಯಾಂಡಿನವನೇ ಏಕೆ, ಡ್ಯೂಕ್ ಏಕಲ್ಲ ಎಂಬ ಪ್ರಶ್ನೆ. ನಿಮಗೆ ಬೇಕಾದ ಉತ್ತರ ಇಲ್ಲೇ ಇದೆ ಎಂದು ನನ್ನ ಎಣಿಕೆ. ಇಂಗ್ಲಿಷ್ ಕಾದಂಬರಿಯನ್ನು, ಅದರಲ್ಲೂ ಜನಪ್ರಿಯ ಕಾದಂಬರಿಯನ್ನು ಕಾಲೇಜಿನಲ್ಲಿ ಕಲಿಸುವಾಗ ನಾನು ಗಮನಿಸಿದಂತೆ, ಡ್ಯೂಕನ ಕತೆಯಲ್ಲಿ ಅಧಿಕಾರವೆಲ್ಲ ಹಣ, ಬಿರುದು ಮತ್ತು ಪಡಸಾಲೆಯ ಶಿಷ್ಟಾಚಾರದಲ್ಲಿ ಅಡಗಿರುತ್ತದೆ. ಅವನೂ ಆ ಶಿಷ್ಟಾಚಾರದ ಕೈದಿಯೇ. ಹೈಲ್ಯಾಂಡ್ ಕುಲನಾಯಕನ ಅಧಿಕಾರ ಬೆತ್ತಲೆಯಾದದ್ದು. ಅವನೇ ಜಮೀನ್ದಾರ, ಅವನೇ ದಂಡನಾಯಕ, ತನ್ನ ಸೀಮೆಯೊಳಗೆ ಅವನೇ ನ್ಯಾಯಾಧೀಶ. ಇದು ಕಾದಂಬರಿಕಾರರ ಉತ್ಪ್ರೇಕ್ಷೆಯಲ್ಲ. ಸ್ಕಾಟ್ಲೆಂಡಿನ ದೊಡ್ಡ ಭೂಮಾಲೀಕರಿಗೆ ವಂಶಪಾರಂಪರ್ಯವಾಗಿ ಬಂದ ನ್ಯಾಯಾಧಿಕಾರವಿತ್ತು, ಕೆಲವರಿಗೆ ಗಲ್ಲಿಗೇರಿಸುವ ಅಧಿಕಾರವೂ ಇತ್ತು. 1745ರಲ್ಲಿ ಎದ್ದ ಹೈಲ್ಯಾಂಡ್ ಬಂಡಾಯ 1746ರಲ್ಲಿ ಸೋತ ಮೇಲೆಯೇ ಬ್ರಿಟಿಷ್ ಸಂಸತ್ತು ಕಾನೂನು ಮಾಡಿ ಅದನ್ನು ಕಿತ್ತುಕೊಂಡಿತು. ಇಷ್ಟು ಅಧಿಕಾರವಿರುವ, ಕಡಿಮೆ ಮಾತಿನ, ಹುಬ್ಬು ಗಂಟಿಕ್ಕಿದ ಗಂಡಸಿನ ಎದುರು ಮಾತಿನ ಮಲ್ಲಿಯೊಬ್ಬಳನ್ನು ತಂದು ನಿಲ್ಲಿಸಿದರೆ ಹಾಸ್ಯಕ್ಕೆ ಬೇಕಾದ ಬಂಡವಾಳ ತಾನಾಗಿಯೇ ಒದಗುತ್ತದೆ.

ಈ ಬಗೆಯ ಕಾದಂಬರಿಗಳಲ್ಲಿ ಮತ್ತೆ ಮತ್ತೆ ಬರುವ ಸನ್ನಿವೇಶವನ್ನು ನನ್ನದೇ ಮಾತಿನಲ್ಲಿ ಕಟ್ಟಿ ತೋರಿಸುತ್ತೇನೆ. ಅರಸನ ಅಪ್ಪಣೆಯಿಂದ ಮದುವೆಯಾಗಿ ಬಂದ ಇಂಗ್ಲಿಷ್ ವಧುವಿಗೆ ನಾಯಕ, "ನಾನು ಹಿಂದಿರುಗುವವರೆಗೆ ಈ ಹಜಾರದ ಬಾಗಿಲು ದಾಟಕೂಡದು" ಎಂದು ಆಜ್ಞೆ ಮಾಡಿ ಕುದುರೆ ಹತ್ತುತ್ತಾನೆ. ಸಂಜೆ ಬಂದು ನೋಡಿದರೆ ಅವಳು ಅಂಗಳದ ಬಾವಿಕಟ್ಟೆಯ ಮೇಲೆ ಕುಳಿತು ಗಾಯಗೊಂಡ ಸೈನಿಕನ ತೋಳಿಗೆ ಹೊಲಿಗೆ ಹಾಕುತ್ತಿದ್ದಾಳೆ. ಕಾವಲಿಗಿಟ್ಟ ಇಬ್ಬರು ದಾಂಡಿಗರಲ್ಲಿ ಒಬ್ಬ ದಾರದ ಉಂಡೆ ಹಿಡಿದಿದ್ದಾನೆ, ಇನ್ನೊಬ್ಬ ರಕ್ತ ನೋಡಲಾರದೆ ಗೋಡೆಯ ಕಡೆ ಮುಖ ಮಾಡಿದ್ದಾನೆ. ಆಜ್ಞೆ ಏನಾಯಿತು ಎಂದು ನಾಯಕ ಗುಡುಗಿದರೆ ಅವಳು ತಲೆಯೆತ್ತದೆಯೇ, ಬಾಗಿಲನ್ನು ತಾನು ದಾಟಿಲ್ಲ, ಅಡುಗೆಮನೆಯ ಕಿಟಕಿ ಸಾಕಷ್ಟು ಅಗಲವಾಗಿದೆ, ಆದರೆ ಅದರ ಚೌಕಟ್ಟನ್ನು ಮಳೆಗಾಲಕ್ಕೆ ಮೊದಲು ರಿಪೇರಿ ಮಾಡಿಸಬೇಕು ಎನ್ನುತ್ತಾಳೆ. ಕಾವಲುಗಾರರು ಕೆಮ್ಮುತ್ತಾರೆ. ನಾಯಕ ಬಾಯಿ ತೆರೆದು, ಮುಚ್ಚಿ, ಕಿಟಕಿಯ ಚೌಕಟ್ಟನ್ನು ನೋಡಲು ಹೋಗುತ್ತಾನೆ.

ನಗು ಹುಟ್ಟಿದ್ದು ಎಲ್ಲಿ ಎಂದು ನೋಡಿ. ಅವಳು ಬಂಡೆದ್ದಿಲ್ಲ, ಅಳಲಿಲ್ಲ, ಅವನ ಕಾಲೂ ಹಿಡಿಯಲಿಲ್ಲ. ಅವನ ಆಜ್ಞೆಯನ್ನು ಅಕ್ಷರಶಃ ಪಾಲಿಸಿಯೇ ಅದನ್ನು ಟೊಳ್ಳು ಮಾಡಿದಳು. ಸಾಕ್ಷಿಗಳಿದ್ದಾರೆ, ಸಾಕ್ಷಿಗಳು ಆಗಲೇ ಅವಳ ಕಡೆ ಸೇರಿದ್ದಾರೆ. ಸೋತದ್ದು ಅವನಿಗೂ ಗೊತ್ತಾಗಿದೆ, ಸೋತರೂ ಮಾನ ಹೋಗಲಿಲ್ಲ ಎಂಬುದೂ ಗೊತ್ತಾಗಿದೆ. ಅಮೆರಿಕದ ಲೇಖಕಿ ಜೂಲಿ ಗಾರ್ವುಡ್ 1989ರಲ್ಲಿ, ಅರಸನ ಅಪ್ಪಣೆಯಿಂದ ಸ್ಕಾಟ್ ನಾಯಕನನ್ನು ವರಿಸಬೇಕಾದ ಇಂಗ್ಲಿಷ್ ಹುಡುಗಿಯ ಕತೆ ಬರೆದ ಮೇಲೆ ಈ ಧಾಟಿ ಗಟ್ಟಿಯಾಗಿ ಬೇರೂರಿತು. ಕೆನಡಾದ ಲಿನ್ಸೆ ಸ್ಯಾಂಡ್ಸ್ ಮುಂತಾದವರು ಅದನ್ನು ಪ್ರಹಸನದ ಅಂಚಿನವರೆಗೂ ಒಯ್ದರು. ನೀವು ಡ್ಯೂಕುಗಳನ್ನು ಬಿಟ್ಟು ಇವರನ್ನು ಆರಿಸಿಕೊಂಡಿರುವುದಕ್ಕೆ ಬರಿಗಾಲು, ಭುಜ, ಮಂಜು ಮುಸುಕಿದ ಬೆಟ್ಟ ಇವಿಷ್ಟೇ ಕಾರಣವಲ್ಲ. ಅವಕ್ಕೂ ಪಾಲಿಲ್ಲವೆಂದು ನಾನು ಹೇಳಹೊರಟಿಲ್ಲ. ಪೂರ್ಣ ಅಧಿಕಾರವಿರುವವನು ಮಾತಿನಲ್ಲಿ ಸೋತು, ಆ ಸೋಲನ್ನು ಇಷ್ಟಪಡಲು ಕಲಿಯುವುದನ್ನು ನೋಡುವ ಸುಖ ಅವೆಲ್ಲಕ್ಕಿಂತ ಹೆಚ್ಚಿನದು. ಹಾಗಾಗಿ ಇಂಥ ಪುಸ್ತಕವನ್ನು ತೂಗಲು ನಾನು ಬಳಸುವ ಅಳತೆ ಒಂದೇ: ನಗು ಯಾರ ಮೇಲೆ ಬೀಳುತ್ತಿದೆ? ಅಧಿಕಾರದ ಮೇಲೆ ಬಿದ್ದರೆ ಕಾದಂಬರಿ ತನ್ನ ಕೆಲಸ ಮಾಡುತ್ತಿದೆ. ಹೆದರಿದ ಹೆಣ್ಣಿನ ಮೇಲೆ ಬಿದ್ದರೆ ಕಿಲ್ಟಾಗಲಿ ಕೋಟೆಯಾಗಲಿ ಅದನ್ನು ಕಾಪಾಡಲಾರದು.

ಇಂಥ ಹೆಂಡತಿ ಆಧುನಿಕ ಕಲ್ಪನೆಯೇ, ಹಿಂದೆ ಇಂಥವಳು ಇರಲು ಸಾಧ್ಯವೇ ಇರಲಿಲ್ಲವೇ ಎಂದು ಇತಿಹಾಸ ಓದಿದ ನೀವು ಕೇಳಿದರೆ, ಮ್ಯಾಕಿಂತಾಷ್ ಕುಲದ ಆ್ಯನಳನ್ನು ನೆನಪಿಸುತ್ತೇನೆ. 1745ರಲ್ಲಿ ರಾಜಕುಮಾರ ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟ್ ತನ್ನ ವಂಶದ ಸಿಂಹಾಸನಕ್ಕಾಗಿ ಬಂಡೆದ್ದಾಗ ಕುಲನಾಯಕನಾದ ಅವಳ ಗಂಡ ಈನಿಯಸ್ ಸರಕಾರಿ ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದ. ಇಪ್ಪತ್ತರ ಆಸುಪಾಸಿನ ಆ್ಯನ್, ಗಂಡನದೇ ಕುಲದ ಗಂಡಸರನ್ನು ಕಲೆಹಾಕಿ ಬಂಡಾಯದ ಪಡೆಗೆ ಕಳಿಸಿದಳು. ಜನ ಅವಳನ್ನು ಕರ್ನಲ್ ಆ್ಯನ್ ಎಂದರು. 1746ರ ಫೆಬ್ರವರಿಯಲ್ಲಿ ರಾಜಕುಮಾರ ಮಾಯ್ ಎಂಬಲ್ಲಿ ಅವಳ ಮನೆಯಲ್ಲಿ ತಂಗಿದ್ದಾಗ ಅವನನ್ನು ಹಿಡಿಯಲು ರಾತ್ರಿ ಬಂದ ದೊಡ್ಡ ಸರಕಾರಿ ಪಡೆಯನ್ನು, ಅವಳ ಕಡೆಯ ಒಬ್ಬ ಕಮ್ಮಾರ ಬೆರಳೆಣಿಕೆಯ ಸಂಗಾತಿಗಳೊಂದಿಗೆ ಕತ್ತಲಲ್ಲಿ ಅಲ್ಲಲ್ಲಿ ನಿಂತು ಗುಂಡು ಹಾರಿಸಿ, ಇಲ್ಲದ ಕುಲಗಳ ರಣಘೋಷ ಕೂಗಿ, ಓಡಿಸಿಬಿಟ್ಟ. ಅನಂತರ ಗಂಡ ಬಂಡಾಯಗಾರರ ಕೈಗೆ ಸೆರೆ ಸಿಕ್ಕ. ಅವನನ್ನು ಇದಕ್ಕಿಂತ ಭದ್ರವಾದ ಜಾಗದಲ್ಲಿ ಇಡಲಾಗದೆಂದು ರಾಜಕುಮಾರ ಅವನನ್ನು ಹೆಂಡತಿಯ ವಶಕ್ಕೇ ಕಳಿಸಿದ. ಎದುರುಬದುರಾದಾಗ ಅವಳು "ನಿಮ್ಮ ಸೇವಕಿ, ಕ್ಯಾಪ್ಟನ್" ಎಂದಳಂತೆ, ಅವನು "ನಿಮ್ಮ ಸೇವಕ, ಕರ್ನಲ್" ಎಂದನಂತೆ. ಸಂಭಾಷಣೆ ಹೇಳುವವರ ಬಾಯಲ್ಲಿ ನಯವಾಗಿರಬಹುದು. ಘಟನೆ ಮಾತ್ರ ನಡೆದದ್ದೇ. ನಮ್ಮ ಕಾದಂಬರಿಕಾರರಲ್ಲಿ ಯಾರಾದರೂ ಇದನ್ನು ಕಲ್ಪಿಸಿ ಬರೆದಿದ್ದರೆ ವಿಮರ್ಶಕರು ಅತಿಯಾಯಿತು ಎನ್ನುತ್ತಿದ್ದರು.

ಸುಳ್ಳುಗಳ ಕಡೆ ಬರೋಣ. ಹನ್ನೆರಡನೆಯ ಶತಮಾನದ ನಾಯಕನ ಕಿಲ್ಟ್ ನಿಮ್ಮನ್ನು ಕಾಡಿದ್ದು ಸರಿಯಾಗಿಯೇ ಇದೆ. ಸೊಂಟಕ್ಕೆ ಪಟ್ಟಿ ಬಿಗಿದು ಮಿಕ್ಕದ್ದನ್ನು ಹೆಗಲಿಗೆ ಹೊದೆಯುತ್ತಿದ್ದ ಉದ್ದನೆಯ ಉಣ್ಣೆಯ ಬಟ್ಟೆಯ ಸ್ಪಷ್ಟ ದಾಖಲೆ ಸಿಗುವುದು ಹದಿನಾರನೆಯ ಶತಮಾನದ ಕೊನೆಗೆ. ಅದಕ್ಕೆ ಮೊದಲಿನ ಹೈಲ್ಯಾಂಡಿನವನು ಮೊಣಕಾಲವರೆಗಿನ ನಾರುಬಟ್ಟೆಯ ಅಂಗಿ ತೊಟ್ಟು ಮೇಲೊಂದು ಕಂಬಳಿ ಹೊದ್ದವನು. ಸೊಂಟದಿಂದ ಕೆಳಗಷ್ಟೇ ಇರುವ, ನೆರಿಗೆ ಹಿಡಿದ ಇಂದಿನ ಕಿಲ್ಟ್ ಹದಿನೆಂಟನೆಯ ಶತಮಾನದ್ದು. ಅದನ್ನು ರೂಪಿಸಿದ ಕೀರ್ತಿಯನ್ನು ಹಲವರು ಕಬ್ಬಿಣದ ಕುಲುಮೆ ನಡೆಸುತ್ತಿದ್ದ ಥಾಮಸ್ ರಾಲಿನ್‌ಸನ್ ಎಂಬ ಇಂಗ್ಲಿಷಿನವನಿಗೆ ಕೊಡುತ್ತಾರೆ, ಹಲವು ಸ್ಕಾಟರು ಒಪ್ಪುವುದಿಲ್ಲ. ಒಂದೊಂದು ಕುಲಕ್ಕೆ ಒಂದೊಂದು ಚೌಕಳಿಯ ಟಾರ್ಟನ್ ಎಂಬ ಕಟ್ಟುನಿಟ್ಟು ಇನ್ನೂ ಈಚಿನದು. ಲಂಡನ್ನಿನ ಹೈಲ್ಯಾಂಡ್ ಸೊಸೈಟಿ 1815ರಲ್ಲಿ ಕುಲನಾಯಕರಿಂದ ಮಾದರಿಗಳನ್ನು ಕೇಳತೊಡಗಿದಾಗ ತಮ್ಮ ಕುಲದ ಟಾರ್ಟನ್ ಯಾವುದೆಂದು ಹಲವು ನಾಯಕರಿಗೇ ತಿಳಿದಿರಲಿಲ್ಲ. 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೊಗೆ ಬಂದಾಗ ಇಡೀ ಉತ್ಸವವನ್ನು ಸಜ್ಜುಗೊಳಿಸಿದವನು ಕಾದಂಬರಿಕಾರ ವಾಲ್ಟರ್ ಸ್ಕಾಟ್. ಸ್ಥೂಲಕಾಯದ ದೊರೆ ಮೈಬಣ್ಣದ ಬಿಗಿ ಕಾಲುಚೀಲದ ಮೇಲೆ ತುಸು ಗಿಡ್ಡವಾದ ಕಿಲ್ಟ್ ತೊಟ್ಟು ದರ್ಶನ ಕೊಟ್ಟಾಗ, ಇಷ್ಟು ಕಡಿಮೆ ದಿನ ಇರುವವರು ಇಷ್ಟು ಹೆಚ್ಚು ಕಾಣಿಸಿಕೊಂಡದ್ದು ಒಳ್ಳೆಯದೇ ಆಯಿತು ಎಂಬರ್ಥದ ಮಾತನ್ನು ಅಲ್ಲಿನ ಕುಲೀನ ಮಹಿಳೆಯೊಬ್ಬರು ಆಡಿದರೆಂದು ಪ್ರಸಿದ್ಧಿ. ಅಂದರೆ ಕಿಲ್ಟಿನ ಸುತ್ತಲ ಹಾಸ್ಯಕ್ಕೂ ಎರಡು ಶತಮಾನದ ವಯಸ್ಸಾಗಿದೆ.

ಭಾಷೆಯದೂ ಇದೇ ಕತೆ. ಕಾದಂಬರಿಯ ನಾಯಕ ಮಾತುಮಾತಿಗೆ ಸ್ಕಾಟ್ಸ್ ಧಾಟಿಯ ಇಂಗ್ಲಿಷಿನಲ್ಲಿ ಮುದ್ದುಗರೆಯುತ್ತಾನೆ. ನಿಜದ ಹೈಲ್ಯಾಂಡಿನವನ ಮನೆಮಾತು ಗೇಲಿಕ್. ಹನ್ನೆರಡನೆಯ ಶತಮಾನದ ಕುಲೀನ ಇಂಗ್ಲಿಷ್ ವಧುವಿನ ಮನೆಯಲ್ಲಿ ನಾರ್ಮನ್ ಫ್ರೆಂಚ್ ನಡೆಯುತ್ತಿತ್ತು. ಆ ದಂಪತಿಯ ಜಗಳಕ್ಕೆ ಒಬ್ಬ ದುಭಾಷಿ ಬೇಕಾಗುತ್ತಿತ್ತು, ಪಾಪ ಅವನ ಗತಿ ಏನಾಗುತ್ತಿತ್ತೋ. ಒಂದು ವರ್ಷ ಒಂದು ದಿನದ ಪರೀಕ್ಷಾ ಮದುವೆ ಎಂದು ಈ ಕತೆಗಳಲ್ಲಿ ಬರುವ ಪದ್ಧತಿಗೆ ಕಾನೂನಿನ ಆಧಾರವಿರಲಿಲ್ಲ ಎಂಬುದು ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. ಆದರೆ ಪಾದ್ರಿಯೇ ಇಲ್ಲದೆ, ಗಂಡು ಹೆಣ್ಣು ಪರಸ್ಪರ ಒಪ್ಪಿಗೆಯನ್ನು ಮಾತಿನಲ್ಲಿ ಹೇಳಿಕೊಂಡರೆ ಮದುವೆಯಾಯಿತು ಎಂಬುದು ಸ್ಕಾಟ್ಲೆಂಡಿನಲ್ಲಿ 1940ರವರೆಗೂ ಊರ್ಜಿತವಾಗಿತ್ತು. 1754ರಿಂದ ಇಂಗ್ಲೆಂಡಿನಲ್ಲಿ ಮದುವೆಯ ಕಾನೂನು ಬಿಗಿಯಾದಾಗ ಪ್ರೇಮಿಗಳು ಗಡಿ ದಾಟಿ ಗ್ರೆಟ್ನಾ ಗ್ರೀನ್‌ಗೆ ಓಡುತ್ತಿದ್ದದ್ದು ಇದಕ್ಕಾಗಿಯೇ. ನಾಯಕನ ನೆರಳಿನಂತಿರುವ, ಅವನಿಗೆ ಎದುರಾಡುವ ಸಲಿಗೆಯುಳ್ಳ ಸಂಗಾತಿಯ ಪಾತ್ರಕ್ಕೂ ನೆಲೆಯಿದೆ: ಕುಲನಾಯಕರ ಮಕ್ಕಳನ್ನು ಬೇರೆ ಮನೆಯಲ್ಲಿ ಬೆಳೆಸುವ ಪದ್ಧತಿ ಹೈಲ್ಯಾಂಡ್ಸ್‌ನಲ್ಲಿ ನಿಜವಾಗಿ ಇತ್ತು, ಸಾಕುಮನೆಯ ಅಣ್ಣತಮ್ಮಂದಿರ ನಂಟು ರಕ್ತಸಂಬಂಧದಷ್ಟೇ ಬಿಗಿಯಾಗಿತ್ತು.

ಬಟ್ಟೆಯ ಕಾಲದೋಷ ಸಣ್ಣದು, ಅದನ್ನು ಕ್ಷಮಿಸಿ ಮುಂದೆ ಹೋಗಬಹುದು. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುವುದು ಬೇರೊಂದು. ಹದಿನೆಂಟನೆಯ ಶತಮಾನದ ನಡುವಿನವರೆಗೆ ಲಂಡನ್ನಿನವನ ಕಣ್ಣಿಗೆ ಹೈಲ್ಯಾಂಡಿನವನು ದನ ಕದಿಯುವ ಕಾಡುಮನುಷ್ಯ, ನಡುಕ ಹುಟ್ಟಿಸುವ ಬಂಡುಕೋರ. ಅವನು ಮುದ್ದಿಗೆ ಯೋಗ್ಯನಾದದ್ದು ಸೋತ ಮೇಲೆ. 1746ರ ಏಪ್ರಿಲ್ 16ರಂದು ಇನ್‌ವರ್ನೆಸ್ ಬಳಿಯ ಕುಲೊಡೆನ್ ಬಯಲಿನಲ್ಲಿ ಬಂಡಾಯದ ಪಡೆ ಒಂದು ಗಂಟೆಯೊಳಗೆ ನುಚ್ಚುನೂರಾಯಿತು. ಬೆನ್ನಿಗೇ ಬಂದ ಕಾನೂನು ಹೈಲ್ಯಾಂಡ್ ಉಡುಪನ್ನು ನಿಷೇಧಿಸಿತು. ಮೊದಲ ತಪ್ಪಿಗೆ ಆರು ತಿಂಗಳ ಸೆರೆ, ಎರಡನೆಯದಕ್ಕೆ ಏಳು ವರ್ಷದ ಗಡೀಪಾರು. ವಿನಾಯಿತಿ ಸಿಕ್ಕಿದ್ದು ಬ್ರಿಟಿಷ್ ಸೈನ್ಯ ಸೇರಿದವನಿಗೆ ಮಾತ್ರ. 1782ರಲ್ಲಿ ಆ ನಿಷೇಧ ರದ್ದಾಗುವ ಹೊತ್ತಿಗೆ ಹಳೆಯ ಕುಲವ್ಯವಸ್ಥೆ ಕುಸಿದು, ನಾಯಕರು ಬಾಡಿಗೆ ಎಣಿಸುವ ಜಮೀನ್ದಾರರಾಗಿ, ಕುರಿ ಸಾಕಣೆಗೆ ಜಾಗ ಮಾಡಲು ಒಕ್ಕಲುಗಳನ್ನು ಎಬ್ಬಿಸತೊಡಗಿದ್ದರು. 1814ರ ಬೇಸಿಗೆಯನ್ನೇ ನೋಡಿ. ಜೂನ್‌ನಲ್ಲಿ ಉತ್ತರ ತುದಿಯ ಸ್ಟ್ರಾತ್‌ನೇವರ್ ಕಣಿವೆಯಲ್ಲಿ ಸದರ್ಲ್ಯಾಂಡ್ ಜಮೀನ್ದಾರಿಯ ಒಕ್ಕಲುಗಳನ್ನು ಹೊರಹಾಕಿ ಅವರ ಮನೆಗಳ ಮರಮುಟ್ಟಿಗೆ ಬೆಂಕಿ ಇಡಲಾಯಿತು. ಅದರ ಹೊಣೆ ಹೊತ್ತ ಪ್ಯಾಟ್ರಿಕ್ ಸೆಲ್ಲರ್ 1816ರಲ್ಲಿ ಇನ್‌ವರ್ನೆಸ್ ನ್ಯಾಯಾಲಯದಲ್ಲಿ ವಿಚಾರಣೆಗೊಳಗಾಗಿ ಖುಲಾಸೆಯಾದ. ಜುಲೈನಲ್ಲಿ ಹೈಲ್ಯಾಂಡ್ ಬಂಡಾಯವನ್ನು ಪ್ರಣಯಮಯವಾಗಿ ಚಿತ್ರಿಸಿದ ವಾಲ್ಟರ್ ಸ್ಕಾಟನ ಮೊದಲ ಕಾದಂಬರಿ 'ವೇವರ್ಲಿ' ಪ್ರಕಟವಾಗಿ ಕೈಯಿಂದ ಕೈಗೆ ಹಾರಿತು. ನಿಮ್ಮ ಫೋನಿನಲ್ಲಿರುವ ಪ್ರತಿಯೊಬ್ಬ ನಾಯಕನೂ ಆ ಜುಲೈನ ಸಂತಾನ. ಜೂನ್ ಅವನ ಕತೆಯಲ್ಲಿ ಬರುವುದು ಅಪರೂಪ.

ಕನ್ನಡ ಓದುಗರಿಗೆ ಈ ಚರಿತ್ರೆ ಅಷ್ಟು ದೂರದ್ದೂ ಅಲ್ಲ. ನಿಷೇಧಿತ ಉಡುಪನ್ನು ತೊಡಲು ಅವಕಾಶ ಪಡೆದಿದ್ದ ಆ ಹೈಲ್ಯಾಂಡ್ ರೆಜಿಮೆಂಟುಗಳಲ್ಲೊಂದರ ತುಕಡಿಗಳು 1780ರಲ್ಲಿ ಪೊಲ್ಲಿಲೂರಿನಲ್ಲಿ ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯಕ್ಕೆ ಸೋತವು, ಬದುಕುಳಿದ ಅಧಿಕಾರಿಗಳು ಶ್ರೀರಂಗಪಟ್ಟಣದಲ್ಲಿ 1784ರವರೆಗೆ ಸೆರೆಯಲ್ಲಿದ್ದರು. ಅವರಲ್ಲೊಬ್ಬ ಡೇವಿಡ್ ಬೇರ್ಡ್. 1799ರಲ್ಲಿ ಅದೇ ಕೋಟೆಗೆ ಲಗ್ಗೆ ಹಾಕಿದ ಪಡೆಯ ಮುಂದಾಳು. ಕೈದಿಗಳನ್ನು ಇಬ್ಬಿಬ್ಬರಂತೆ ಸರಪಳಿಯಿಂದ ಬಿಗಿದಿದ್ದಾರೆಂಬ ಸುದ್ದಿ ಸ್ಕಾಟ್ಲೆಂಡಿನಲ್ಲಿದ್ದ ಅವನ ತಾಯಿಗೆ ಮುಟ್ಟಿದಾಗ, ನಮ್ಮ ಡೇವಿಯ ಜೊತೆ ಬಿಗಿಸಿಕೊಂಡ ಆ ಪ್ರಾಣಿಯ ಮೇಲೆ ದೇವರು ಕರುಣೆ ತೋರಲಿ ಎಂದಳೆಂಬ ಕತೆ ಇಂದಿಗೂ ಪ್ರಚಲಿತ. ನಿಮ್ಮ ಕಾದಂಬರಿಗಳ ಅತ್ತೆಯರ ಬಾಯಿ ಎಲ್ಲಿಂದ ಬಂತೆಂದು ಇದರಿಂದ ಊಹಿಸಬಹುದು.

ವಾಲ್ಟರ್ ಸ್ಕಾಟನ ಪ್ರಭಾವವೂ ಸುತ್ತು ಹಾದಿಯಲ್ಲಿ ಇಲ್ಲಿಗೆ ಬಂದಿದೆ. ಬಂಗಾಳದ ಸ್ಕಾಟ್ ಎಂದೇ ಕರೆಸಿಕೊಂಡ ಬಂಕಿಮಚಂದ್ರರ ಕಾದಂಬರಿಗಳನ್ನು ಬಿ. ವೆಂಕಟಾಚಾರ್ಯರು ಕನ್ನಡಕ್ಕೆ ತಂದದ್ದರಿಂದಲೇ ನಮ್ಮ ಹಿರಿಯರು ಐತಿಹಾಸಿಕ ಪ್ರಣಯದ ರುಚಿ ಹತ್ತಿಸಿಕೊಂಡರು. ಆದರೆ ನಮ್ಮಲ್ಲಿ ಆ ಕಾದಂಬರಿ ಹೆಚ್ಚಾಗಿ ಗಂಭೀರ ಮುಖ ಹೊತ್ತೇ ಬೆಳೆಯಿತು. ಚಿತ್ರದುರ್ಗದ ಮದಕರಿ ನಾಯಕನನ್ನು ತ.ರಾ.ಸು. ದುರಂತದ ಎತ್ತರದಲ್ಲಿ ನಿಲ್ಲಿಸಿದರು. ಅವನನ್ನು ಅಡುಗೆಮನೆಯ ಕಿಟಕಿ ರಿಪೇರಿಗೆ ಕಳಿಸುವ ಪ್ರಹಸನವನ್ನು ಹೊರನಾಡಿನ ಲೇಖಕಿಯೊಬ್ಬರು ಬರೆದರೆ ದುರ್ಗದ ಜನಕ್ಕೆ ಹೇಗನಿಸೀತು ಎಂದು ಒಮ್ಮೆ ಯೋಚಿಸಿ ನೋಡಿ. ಹೈಲ್ಯಾಂಡ್ ಪ್ರಣಯದ ಹೆಸರಾಂತ ಲೇಖಕಿಯರಲ್ಲಿ ಹಲವರು ಅಮೆರಿಕ, ಕೆನಡಾದವರು. ಗೇಲಿಕ್ ಮನೆಮಾತಿನವರು ಅವರ ಪುಸ್ತಕ ಕಂಡು ನಕ್ಕರೂ ಆ ನಗುವಿನಲ್ಲಿ ತುಸು ಒಗರು ಬೆರೆತಿರುವುದಕ್ಕೆ ಕಾರಣ ಇಷ್ಟೇ. ಇದರಿಂದ ನೀವು ಓದು ಬಿಡಬೇಕಾಗಿಲ್ಲ. ಒಂದು ಕಾದಂಬರಿಯ ಪಕ್ಕದಲ್ಲಿ ಸ್ಕಾಟ್ಲೆಂಡಿನ ಇತಿಹಾಸದ ಒಂದು ಒಳ್ಳೆಯ ಪುಸ್ತಕ ಇಟ್ಟುಕೊಂಡರೆ, ಇತಿಹಾಸದ ವಿದ್ಯಾರ್ಥಿನಿಯಾದ ನಿಮಗೆ ಎರಡರ ನಡುವಿನ ಬಿರುಕೇ ಇನ್ನೊಂದು ಕತೆಯಾದೀತು. ಅಪಾಯವೆಂದರೆ ಕೆಲವು ಮೆಚ್ಚಿನ ಪುಸ್ತಕಗಳು ಆಮೇಲೆ ಮೊದಲಿನಷ್ಟು ಸಲೀಸಾಗಿ ಗಂಟಲಿನಲ್ಲಿ ಇಳಿಯುವುದಿಲ್ಲ.

ಅಪಹರಣದ ವಿಷಯವನ್ನು ಮಾತ್ರ ನಾನು ಹಗುರಾಗಿ ಬಿಡಲಾರೆ, ಏಕೆಂದರೆ ಅದರ ನಿಜರೂಪದ ದಾಖಲೆ ನಮ್ಮ ಮುಂದಿದೆ. 1750ರ ಡಿಸೆಂಬರಿನಲ್ಲಿ, ಹೈಲ್ಯಾಂಡಿನ ಹೆಸರಾಂತ ಬಂಡುಕೋರ ರಾಬ್ ರಾಯ್‌ನ ಕಿರಿಯ ಮಗ ರಾಬಿನ್ ಓಗ್ ತನ್ನ ಸಂಗಡಿಗರೊಂದಿಗೆ ಜೀನ್ ಕೀ ಎಂಬ ಎಳೆಯ ವಿಧವೆಯನ್ನು ಅವಳ ಮನೆಯಿಂದ ಎಳೆದೊಯ್ದು ಬಲವಂತವಾಗಿ ಮದುವೆಯಾದ. ಕಣ್ಣು ಅವಳ ಆಸ್ತಿಯ ಮೇಲಿತ್ತು. ಕೆಲವು ತಿಂಗಳಲ್ಲಿ ಬಿಡುಗಡೆಯಾದ ಆಕೆ 1751ರಲ್ಲಿ ತೀರಿಕೊಂಡಳು. 1754ರಲ್ಲಿ ರಾಬಿನ್ ಓಗ್‌ನನ್ನು ಎಡಿನ್‌ಬರೊದಲ್ಲಿ ನೇಣಿಗೇರಿಸಿದರು. ಆ ಕಾಲದ ಸ್ಕಾಟ್ಲೆಂಡಿಗೇ ಅದು ಮರಣದಂಡನೆಯ ಅಪರಾಧವಾಗಿತ್ತು. ಆದ್ದರಿಂದ "ಆಗ ಹಾಗೆಯೇ ನಡೆಯುತ್ತಿತ್ತು" ಎಂಬ ಸಮರ್ಥನೆ ಇಲ್ಲಿ ನಿಲ್ಲುವುದಿಲ್ಲ.

ಕಾದಂಬರಿಗಳೂ ಎಲ್ಲವೂ ಒಂದೇ ತರಹದವಲ್ಲ. 1972ರಲ್ಲಿ ಕ್ಯಾಥ್ಲೀನ್ ವುಡಿವಿಸ್ ಅವರ ಕಾದಂಬರಿಯೊಂದು ಅಮೆರಿಕದಲ್ಲಿ ನೇರವಾಗಿ ಪೇಪರ್‌ಬ್ಯಾಕ್ ಆಗಿ ಬಂದು ಅಪಾರವಾಗಿ ಮಾರಾಟವಾಯಿತು. ಅದರಲ್ಲಿ ನಾಯಕನೇ ನಾಯಕಿಯ ಮೇಲೆ ಬಲಾತ್ಕಾರ ಮಾಡುತ್ತಾನೆ, ಕೊನೆಗೆ ಅವನನ್ನೇ ಅವಳು ಪ್ರೀತಿಸುತ್ತಾಳೆ. ಅನಂತರದ ವರ್ಷಗಳಲ್ಲಿ ಅದೇ ಅಚ್ಚಿನವು ಸಾಲುಸಾಲಾಗಿ ಬಂದವು. ಹೆಣ್ಣೊಬ್ಬಳಿಗೆ ತನ್ನ ಬಯಕೆಯನ್ನು ಬಾಯಿಬಿಟ್ಟು ಒಪ್ಪಿಕೊಳ್ಳುವುದೇ ಅಪಮಾನವೆನಿಸಿದ ಕಾಲದಲ್ಲಿ, ಬಲವಂತವೆಂಬುದು ಆ ಹೊಣೆಯನ್ನು ಅವಳಿಂದ ಇಳಿಸುವ ಉಪಾಯವಾಗಿತ್ತು ಎಂದು ಕೆಲವು ವಿಮರ್ಶಕರು ವಿವರಿಸುತ್ತಾರೆ. ಆ ವಿವರಣೆಯಲ್ಲಿ ಸತ್ಯಾಂಶವಿದೆ. ಆದರೆ ಅದು ಕಾರಣವನ್ನು ಹೇಳುತ್ತದೆಯೇ ಹೊರತು ದೋಷವನ್ನು ತೊಳೆಯುವುದಿಲ್ಲ. ನಗಿಸುವ ಹೈಲ್ಯಾಂಡ್ ಕಾದಂಬರಿಗಳಲ್ಲಿ ಈ ದೋಷ ಕಡಿಮೆ, ಆದರೆ ಹಳೆಯವುಗಳಲ್ಲಿ ಇಲ್ಲದಿಲ್ಲ: ಹೆಂಡತಿಯನ್ನು ಬಡಿಯುವೆನೆಂಬ ಬೆದರಿಕೆಯನ್ನು ತಮಾಷೆಯಾಗಿ ದಾಟಿಸುವುದು, ಅವಳ 'ಬೇಡ'ವನ್ನು ನಾಚಿಕೆಯೆಂದು ಓದುವುದು, ಇಂಥವು. ನಗು ಇರುವುದರಿಂದ ಇವು ಕಣ್ತಪ್ಪಿಸಿಕೊಳ್ಳುವುದು ಸುಲಭ. ನಿಮಗೆ ಅಳುಕು ಹುಟ್ಟಿದ ಪುಟಕ್ಕೆ ಹಿಂದಿರುಗಿ, ಅಲ್ಲಿ ಹೊತ್ತೊಯ್ದವನನ್ನು ಕಂಡು ನಕ್ಕಿರೋ, ಹೊತ್ತೊಯ್ಯಲ್ಪಟ್ಟವಳನ್ನು ಕಂಡು ನಕ್ಕಿರೋ ನೋಡಿಕೊಳ್ಳಿ. ಅಪಹರಿಸಲು ಬಂದವನ ಕುದುರೆಯ ಮೇಲೆ ಹುಡುಗಿ ದಾರಿಯುದ್ದಕ್ಕೂ ಮಾತನಾಡಿ ಅವನನ್ನೇ ಹೈರಾಣಾಗಿಸಿ, ಬಿಟ್ಟು ಬರುತ್ತೇನೆಂದು ಅವನೇ ಹೇಳುವಂತೆ ಮಾಡುವ ಕತೆಗೂ, ಅವಳ ಹೆದರಿಕೆಯೇ ಚೇಷ್ಟೆಯಾಗುವ ಕತೆಗೂ ಬಹಳ ಅಂತರವಿದೆ.

ಮಗಳ ವಿಷಯದಲ್ಲಿ ನಿಮ್ಮ ಮುಂದೆ ಇರುವ ದಾರಿಗಳಲ್ಲಿ ಯಾವುದೂ ಪೂರ್ತಿ ಸುರಕ್ಷಿತವಲ್ಲ. ಬೇಡವೆಂದು ಫೋನಿಗೆ ಬೀಗ ಹಾಕಿದರೆ ಅವಳು ಗೆಳತಿಯ ಫೋನಿನಲ್ಲಿ ಓದುತ್ತಾಳೆ. ಆಗ ಏನು ಓದಿದಳೆಂದು ನಿಮಗೆ ಹೇಳುವುದಿಲ್ಲ, ಅದು ದೊಡ್ಡ ನಷ್ಟ. ನೀವೇ ಓದುವುದನ್ನು ಅವಳಿಗೆ ಬೇಡವೆನ್ನಲು ಕೊಡುವ ಕಾರಣವೂ ಹದಿನಾರರ ಬುದ್ಧಿಯ ಮುಂದೆ ಹೆಚ್ಚು ಹೊತ್ತು ನಿಲ್ಲದು. ಏನಾದರೂ ಓದಿಕೊಳ್ಳಲಿ ಎಂದು ಬಿಟ್ಟುಬಿಟ್ಟರೆ, ಮೇಲೆ ಹೇಳಿದ ಹಳೆಯ ಬಗೆಯ ಪುಸ್ತಕ ಅವಳಿಗೆ ಸಿಕ್ಕಿಯೇ ಸಿಗುತ್ತದೆ, ಅದನ್ನು ತೂಗುವ ಅನುಭವ ಅವಳಿಗಿನ್ನೂ ಇಲ್ಲ. ಈ ಕಾದಂಬರಿಗಳಲ್ಲಿ ಬಹುಪಾಲು ವಯಸ್ಕರಿಗಾಗಿ ಬರೆದವು, ದೈಹಿಕ ಪ್ರಣಯದ ವಿವರವಾದ ದೃಶ್ಯಗಳಿರುವಂಥವು ಎಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ನಾನು ಸೂಚಿಸುವುದು ನೀವೇ ಆಯ್ದು ಕೊಡುವುದನ್ನು. ಶಯನಗೃಹದ ಬಾಗಿಲು ಮುಚ್ಚಿಕೊಂಡೇ ಇರುವ, ಆದರೆ ಮಾತಿನ ಜಗಳಕ್ಕೆ ಕೊರತೆಯಿಲ್ಲದ ಐತಿಹಾಸಿಕ ಪ್ರಣಯಗಳೂ ಬೇಕಾದಷ್ಟಿವೆ. ಆರಿಸುವಾಗ ಮುಖಪುಟವನ್ನು ನಂಬಬೇಡಿ. ಮೂವತ್ತು ನಲವತ್ತು ವರ್ಷ ಹಿಂದಿನ ಪುಸ್ತಕಕ್ಕೂ ಹೊಸ ಹೊದಿಕೆ ಹಾಕಿ ಇ-ಪುಸ್ತಕವಾಗಿ ಮಾರುತ್ತಾರೆ. ಒಳಗಿನ ಹಕ್ಕುಸ್ವಾಮ್ಯದ ಪುಟದಲ್ಲಿ ಮೊದಲ ಮುದ್ರಣದ ವರ್ಷ ಸಾಮಾನ್ಯವಾಗಿ ಇರುತ್ತದೆ, ಅದನ್ನು ನೋಡಿ. ಉಚಿತವಾಗಿ ಸಿಗುವ ಮೊದಲ ಅಧ್ಯಾಯಗಳಲ್ಲಿ ನಾಯಕ ನಾಯಕಿ ಮೊದಲ ಬಾರಿ ಎದುರಾಗುವ ದೃಶ್ಯವನ್ನು ಓದಿದರೆ ಲೇಖಕಿಯ ನಗು ಎತ್ತ ವಾಲುತ್ತದೆಂದು ಬಹುಮಟ್ಟಿಗೆ ತಿಳಿದುಬಿಡುತ್ತದೆ. ಮಗಳು ಈಗಾಗಲೇ ಓದಿ ಮುಗಿಸಿದ್ದರ ಬಗ್ಗೆ ಪಾಠ ಮಾಡಬೇಡಿ. ಯಾವ ಜಾಗದಲ್ಲಿ ನಗು ಬಂತು, ಯಾವ ಜಾಗದಲ್ಲಿ ಸಿಟ್ಟು ಬಂತು ಎಂದು ಕೇಳಿ ಸುಮ್ಮನಿರಿ. ನನ್ನ ತರಗತಿಯ ಹುಡುಗಿಯರು ಇಂಥ ಕತೆಗಳ ದಬ್ಬಾಳಿಕೆಯ ಗಂಡಸರ ಬಗ್ಗೆ ಆಡುವ ಮಾತು ಯಾವ ವಿಮರ್ಶಕರ ಬರಹಕ್ಕಿಂತಲೂ ಖಾರವಾಗಿರುತ್ತದೆ.

ನಿಮ್ಮ ಬಗ್ಗೆ ಎರಡು ಮಾತು. ಓದಿನಿಂದ ನಿದ್ದೆ ಕೆಡುತ್ತಿದ್ದರೆ, 'ಒಂದೇ ಅಧ್ಯಾಯ' ದಿನವೂ ರಾತ್ರಿ ಎರಡಕ್ಕೆ ಮುಗಿಯುತ್ತಿದ್ದರೆ, ಕೊಂಡ ಪುಸ್ತಕಗಳ ಖರ್ಚನ್ನು ಮನೆಯಲ್ಲಿ ಮುಚ್ಚಿಡಬೇಕೆನಿಸಿದರೆ, ಅಥವಾ ಆಡಬೇಕಾದ ಮಾತೊಂದನ್ನು ತಪ್ಪಿಸಲು ಪುಸ್ತಕ ತೆರೆಯುತ್ತಿದ್ದೇನೆಂದು ನಿಮಗೇ ಅನಿಸಿದರೆ ಆಗ ಯೋಚಿಸಬೇಕು, ಅದೂ ಪುಸ್ತಕದ ಬಗ್ಗೆಯಲ್ಲ, ಆ ಮಾತಿನ ಬಗ್ಗೆ. ಪತ್ರದಲ್ಲಿ ಅಂಥ ಸೂಚನೆ ನನಗೆ ಕಾಣಲಿಲ್ಲ. ಕಿಲ್ಟಿನವನ ಬಗ್ಗೆ ಕಾಡಿಸುವ ಗಂಡನಿಗೆ ಆ ರಾತ್ರಿ ನಗು ತರಿಸಿದ ಪುಟವನ್ನು ಕನ್ನಡದಲ್ಲಿ ಹೇಳಿ ನೋಡಿ. ಅವರೂ ನಕ್ಕರೆ ಸಹೋದ್ಯೋಗಿಯ ಮಾತು ತಾನಾಗಿಯೇ ಉದುರುತ್ತದೆ.

ಗ್ಲಾಸ್ಗೊದಿಂದ ಉತ್ತರಕ್ಕೆ ಹೋಗುವಾಗ ಕೋಟೆಗಳನ್ನು ನೋಡುವ ಮೊದಲು ನ್ಯೂಟನ್‌ಮೋರ್ ಊರಿನ ಹೈಲ್ಯಾಂಡ್ ಜನಪದ ವಸ್ತುಸಂಗ್ರಹಾಲಯಕ್ಕೆ ಹೋಗಿ. ಅಲ್ಲಿ 1700ರ ಆಸುಪಾಸಿನ ಒಂದು ಹಳ್ಳಿಯನ್ನು ಮಣ್ಣು ಹುಲ್ಲಿನ ಹೆಂಟೆಗಳಿಂದ ಮತ್ತೆ ಕಟ್ಟಿದ್ದಾರೆ: ಚಿಮಣಿಯಿಲ್ಲದ ಮನೆ, ನಡುವೆ ಒಲೆ, ಮಸಿ ಹಿಡಿದ ಮಾಡು, ಒಂದೇ ಸೂರಿನಡಿ ಜನ ಮತ್ತು ದನ. ಕುಲದವರಲ್ಲಿ ಹೆಚ್ಚಿನವರು ಬದುಕಿದ್ದು ಹೀಗೆ. ಅಲ್ಲಿಂದ ಇನ್‌ವರ್ನೆಸ್ ದೂರವಲ್ಲ, ಕುಲೊಡೆನ್ ಬಯಲು ಅದರ ಪಕ್ಕದಲ್ಲೇ ಇದೆ. ಅಲ್ಲಿನ ಕುಲಗಳ ಹೆಸರಿನ ಕಲ್ಲುಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ನಿಲ್ಲಿಸಿದ್ದೆಂದು ತಿಳಿದೇ ನೋಡಿ. ಇನ್ನೂ ಒಂದು ದಿನ ಕೈಯಲ್ಲಿದ್ದರೆ ಉತ್ತರ ಕರಾವಳಿಯ ಬೆಟ್ಟಿಹಿಲ್‌ವರೆಗೆ ಹೋಗಿ ಬನ್ನಿ. ಅಲ್ಲಿ ಹಳೆಯ ಚರ್ಚಿನೊಳಗೆ ಸ್ಟ್ರಾತ್‌ನೇವರ್ ವಸ್ತುಸಂಗ್ರಹಾಲಯವಿದೆ, ಕಣಿವೆಯ ಒಳಗೆ ರೋಸಲ್ ಎಂಬ ತೆರವಾದ ಹಳ್ಳಿಯ ಅಡಿಪಾಯಗಳು ಉಳಿದಿವೆ. ಮಗಳನ್ನೂ ಕರೆದುಕೊಂಡು ಹೋಗಿ. ಬಸ್ಸುಗಳು ಕಡಿಮೆ, ತಮ್ಮನಿಗೆ ಕಾರು ತರಲು ಮೊದಲೇ ಹೇಳಿಡುವುದು ಒಳ್ಳೆಯದು.